ನೀಲವ್ವನ ಹನ್ನೆರಡು ಸಾಲು ಹತ್ತಿ

ಕಳೆದ ತಿಂಗಳು ಗಜೇಂದ್ರಗಡದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಮೇಲೆ ಬಂದಾಗ ಕಲ್ಯಾಣಮಂಟಪದ ಗೋಡೆಯ ಮೇಲೆ ಮದುಮಕ್ಕಳ ಫೋಟೋಗಳು ಒಂದಾದ ಮೇಲೊಂದು ಬೀಳುತ್ತಿದ್ದವು. ಖಾಲಿ ಕುರ್ಚಿ ಹುಡುಕುತ್ತ ಹೋಗಿ ಪ್ರೊಜೆಕ್ಟರಿನ ಪಕ್ಕದಲ್ಲೇ ಕುಳಿತೆ. ಅದರ ಜಾಲರಿಯಿಂದ ಬಿಸಿ ಗಾಳಿ ಬಂದು ಮೊಣಕೈಗೆ ಬಡಿಯಿತು. ಅದರ ಜೊತೆಗೇ ಕಾದ ಧೂಳಿನ ವಾಸನೆ. ಪಕ್ಕದಲ್ಲಿದ್ದವರು ಏನೋ ಕೇಳಿದರು, ನಾನು ಏನೋ ಉತ್ತರಿಸಿದೆ. ಮನಸ್ಸು ಮಾತ್ರ ಆಗಲೇ ಎರಡು ಸಾವಿರದ ಆರನೆಯ ಇಸವಿಯ ಹಿಂಗಾರಿಗೆ ಹೋಗಿಬಿಟ್ಟಿತ್ತು.

ಆಗ ನಾನು ರೋಣದಲ್ಲಿದ್ದೆ. ಕಾಲುವೆಯ ನೀರು ಹೆಚ್ಚಾಗಿ ಸವಳು ಹಿಡಿದ ಹೊಲಗಳನ್ನು ಸುಧಾರಿಸುವ ಒಂದು ಯೋಜನೆಯ ಕಚೇರಿಯಲ್ಲಿ ನೌಕರಿ. ಸೇರಿ ಎಂಟು ತಿಂಗಳಾಗಿತ್ತು. ಯೋಜನೆಯ ವಿಷಯವನ್ನು ರೈತರಿಗೆ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಕಚೇರಿಯಿಂದ ಒಂದು ಕರಿ ಚೀಲ ಬಂತು. ಅದರಲ್ಲಿ ಪ್ರೊಜೆಕ್ಟರು, ಒಂದು ಲ್ಯಾಪ್‌ಟಾಪು, ಹಾವಿನ ಮರಿಗಳಂತೆ ಸುತ್ತಿಕೊಂಡಿದ್ದ ನಾಲ್ಕು ವೈರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಗೆ ಸೇರಿ ಅದೊಂದೇ ಯಂತ್ರ.

ಸಾಹೇಬರು ಚೀಲವನ್ನು ನನ್ನ ಮೇಜಿನ ಮೇಲೆ ಇಡಿಸಿದರು.

"ಅರ್ಜಿಯೊಳಗ ಕಂಪ್ಯೂಟರ್ ಕೋರ್ಸ್ ಮಾಡೀನಿ ಅಂತ ಬರದೀರಲ್ಲ? ಇನ್ನ ಮ್ಯಾಲ ಇದರ ಜವಾಬ್ದಾರಿ ನಿಮ್ದ."

ನಾನು ಆ ಕೋರ್ಸಿನಲ್ಲಿ ಕಲಿತದ್ದು ಟೈಪು ಮಾಡುವುದು ಮತ್ತು ಕೋಷ್ಟಕ ಹಾಕುವುದು, ಅಷ್ಟೇ. ಅದನ್ನು ಅವರಿಗೆ ಹೇಳಲು ಧೈರ್ಯವಾಗಲಿಲ್ಲ. ಅಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಎಲ್ಲ ವೈರುಗಳನ್ನೂ ಸಿಕ್ಕ ಸಿಕ್ಕ ತೂತಿಗೆ ಜೋಡಿಸಿದೆ. ಗೋಡೆಯ ಮೇಲೆ ನೀಲಿ ಬೆಳಕು ಬಿತ್ತು. ಅಷ್ಟೇ, ನೀಲಿ ಬೆಳಕು. ಲ್ಯಾಪ್‌ಟಾಪಿನಲ್ಲಿ ಚಿತ್ರವಿದೆ, ಗೋಡೆಯ ಮೇಲೆ ಇಲ್ಲ. ಒಂದು ತಾಸು ಆರಿಸಿ ಹೊತ್ತಿಸಿ ಮಾಡಿದ ಮೇಲೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ ಇತ್ತು.

ಜೀಪಿನ ಕೀಲಿ ಇಡಲು ಒಳಗೆ ಬಂದ ರಾಜೇಸಾಬ ಬಾಗಿಲಲ್ಲೇ ನಿಂತು ನೋಡಿದ. ಅವನು ನಮ್ಮ ಕಚೇರಿಯ ಡ್ರೈವರು. ಅದಕ್ಕೂ ಮೊದಲು ಗಜೇಂದ್ರಗಡದಲ್ಲಿ ಅಣ್ಣನ ಜೊತೆ ಮೈಕ್‌ಸೆಟ್ಟಿನ ಅಂಗಡಿ ನಡೆಸಿದವನು. ಮದುವೆಗೂ ಉರುಸಿಗೂ ಕಂಬ ಹತ್ತಿ ವೈರು ಎಳೆದ ಕೈ. ಅವನು ಯಂತ್ರವನ್ನು ಮುಟ್ಟಲಿಲ್ಲ, ಅದರ ಸುತ್ತ ಒಂದು ಸುತ್ತು ಬಂದ.

"ವಾಯರ್ ಸರಿ ಅದಾವ್ರಿ ಮೇಡಮ್ಮಾರ. ಕರೆಂಟ ಬಂದೈತಿ, ದೀಪ ಹತ್ತೇತಿ. ಆದ್ರ ಇವೆರಡಕ್ಕೂ ಮಾತುಕತಿ ಇಲ್ಲ. ಮಾತಾಡ್ಸಾಕ ಎಲ್ಲ್ಯರೆ ಒಂದು ಗುಂಡಿ ಇರಬೇಕ ನೋಡ್ರಿ."

ಲ್ಯಾಪ್‌ಟಾಪಿನ ಮೇಲ್ಸಾಲಿನ ಒಂದು ಗುಂಡಿಯ ಮೇಲೆ ಸಣ್ಣ ಪರದೆಯ ಗುರುತಿತ್ತು. ಅದನ್ನು ಕಂಡುಹಿಡಿದವನೂ ಅವನೇ. ಬರೀ ಅದನ್ನು ಒತ್ತಿದರೆ ಏನೂ ಆಗಲಿಲ್ಲ. ಮೂಲೆಯ ಇನ್ನೊಂದು ಗುಂಡಿಯ ಜೊತೆ ಒತ್ತಿದಾಗ ಗೋಡೆಯ ಮೇಲೆ ನಮ್ಮ ಚಿತ್ರ ಧಡಕ್ಕನೆ ಬಂತು. ಇಬ್ಬರೂ ಒಟ್ಟಿಗೇ "ಬಂತ!" ಎಂದು ಕೂಗಿದೆವು. ಅವತ್ತಿನಿಂದ ಆ ಯಂತ್ರಕ್ಕೆ ನಾವಿಬ್ಬರೂ ಕೂಡಿಯೇ ಯಜಮಾನರು, ಕೂಡಿಯೇ ಏನೂ ತಿಳಿಯದ ಅನಾಡಿಗಳು.

ಸೂಡಿಯಲ್ಲಿ ಮೊದಲ ಸಲ ತೋರಿಸಿದಾಗ ಚಿತ್ರ ಚೌಕಾಗಿ ಬೀಳದೆ, ಮೇಲೆ ಅಗಲ ಕೆಳಗೆ ಸಣ್ಣ, ಮೊರದ ಹಾಗೆ ಬಿತ್ತು. ಯಾಕೆಂದು ತಿಳಿಯದೆ ಇಟ್ಟಿಗೆ ಕೊಟ್ಟು, ಇಟ್ಟಿಗೆ ತೆಗೆದು, ಕಡೆಗೆ ಹಾಗೆಯೇ ತೋರಿಸಿದೆ. ಅಸೂಟಿಯಲ್ಲಿ ನನ್ನ ಕೈ ಯಾವುದಕ್ಕೆ ತಗುಲಿತೋ, ಯಂತ್ರದ ಸೂಚನೆಗಳೆಲ್ಲ ನಮಗಾರಿಗೂ ಗೊತ್ತಿಲ್ಲದ ಒಂದು ಲಿಪಿಗೆ ತಿರುಗಿಬಿಟ್ಟವು. ತಿರುಗಿ ಇಂಗ್ಲಿಷಿಗೆ ತರಲು ಆ ಲಿಪಿಯನ್ನೇ ಓದಬೇಕು. ಹದಿನೈದು ದಿನ ಮೇಲಿನಿಂದ ಮೂರನೆಯದು, ಕೆಳಗಿನಿಂದ ಎರಡನೆಯದು ಎಂದು ಲೆಕ್ಕ ಇಟ್ಟುಕೊಂಡು ಒತ್ತಿದೆ. ಪ್ರತಿ ಊರಿನಲ್ಲೂ ಒಂದೊಂದು ತಪ್ಪಾಗುತ್ತಿತ್ತು. ಆದರೆ ಚಿತ್ರ ಕಂಡರೆ ಸಾಕು, ಜನ ಸಂತೋಷಪಡುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ, ಚಿತ್ರ ಕಂಡರೆ ಕೆಲಸ ಆದಂತೆ ಎಂದು.

ದೀಪಾವಳಿ ಮುಗಿದ ವಾರ ನರಗುಂದದ ಆಚೆಯ ಒಂದು ಊರಿಗೆ ಹೋದೆವು. ಆ ಊರಿನ ಹೆಸರು ಬೇಡ. ಊರಿನ ಮುಂದೆ ಒಂದು ಹಳ್ಳ, ಹಳ್ಳದ ಎರಡೂ ಬದಿಗೆ ಕರಿ ಎರೆ ಹೊಲ. ಕಾಲುವೆ ಬಂದ ಮೇಲೆ ತಗ್ಗಿನ ಹೊಲಗಳಲ್ಲಿ ನೀರು ಬಸಿಯದೆ ನಿಂತು, ಮಣ್ಣಿನ ಮೇಲೆ ಉಪ್ಪಿನಂತೆ ಬಿಳಿ ಸವಳು ಕೂತಿತ್ತು. ಆ ನೀರನ್ನು ಹಳ್ಳಕ್ಕೆ ಬಿಡಲು ಒಂದು ಬಸಿಗಾಲುವೆ ತೋಡುವುದೆಂದು ತೀರ್ಮಾನವಾಗಿತ್ತು. ಅದು ಯಾರ ಹೊಲದ ಮೇಲೆ ಹಾಯುತ್ತದೆ ಎಂಬುದನ್ನು ನಕ್ಷೆಯ ಮೇಲೆ ಕೆಂಪು ಪಟ್ಟಿಯಾಗಿ ತೋರಿಸಬೇಕಿತ್ತು. ಹೊರಡುವಾಗ ಸಾಹೇಬರು ಕರೆದು ಎಚ್ಚರಿಕೆ ಹೇಳಿದ್ದರು.

"ಯಾರ ಹೆಸರೂ ಎತ್ತಬ್ಯಾಡ್ರಿ. ಇಂಥವನ ಹೊಲ ಅಂದ್ರ ಅಲ್ಲೇ ಜಗಳ ಹತ್ತತದ. ಸುಮ್ನ ನಕ್ಷಾ ತೋರ್ಸ್ರಿ, ಅವರವರ ಹೊಲ ಅವರವರಿಗೆ ಗೊತ್ತಿರ್ತದ."

ಊರಿನ ಶಾಲೆಯ ಗೋಡೆಯ ತುಂಬ ಬಣ್ಣದಲ್ಲಿ ಅಕ್ಷರಮಾಲೆ ಬರೆದಿದ್ದರು, ಅದರ ಮೇಲೆ ಚಿತ್ರ ಬೀಳುವಂತಿರಲಿಲ್ಲ. ರಾಜೇಸಾಬ ಅಂಗಳದ ನಡುವೆ ಎರಡು ಬೇವಿನ ಗಿಡಗಳಿಗೆ ಹಗ್ಗ ಕಟ್ಟಿ, ಕೂಡಿಸಿ ಹೊಲಿದ ಎರಡು ಧೋತರಗಳನ್ನು ಬಿಗಿದ. ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಗೆ ಗಂಡಸರು ಬಂದು ಅಂಗಳದ ತುಂಬ ಕುಳಿತರು. ಹೆಂಗಸರು ಬರುವುದರೊಳಗೆ ಜಾಗ ಉಳಿದಿರಲಿಲ್ಲ. ಅವರು ಧೋತರದ ಹಿಂದಿದ್ದ ಶಾಲೆಯ ಕಟ್ಟೆಯ ಮೇಲೆ ಕುಳಿತರು.

"ಅಲ್ಲಿಂದ ಕಾಣ್ತೈತೇನ್ರವಾ?" ಎಂದು ಕೂಗಿ ಕೇಳಿದೆ.

"ಚಲೋ ಕಾಣ್ತೈತ್ರಿ!" ಎಂದು ಹಿಂದಿನಿಂದ ಉತ್ತರ ಬಂತು.

ರಾಜೇಸಾಬನಿಗೆ ಹಿಗ್ಗು. "ತೆಳು ಧೋತರ ಅದಕ್ಕ ತಂದೇನ್ರಿ, ಎರಡೂ ಕಡೆ ಮಂದಿ ಕುಂದರ್ತಾರ" ಎಂದ.

ನಕ್ಷೆಯಲ್ಲಿ ಕೆಳಗೆ ಊರು, ನಡುವೆ ಮೇಲಕ್ಕೆ ಹೋಗುವ ಹಳ್ಳ, ಪಕ್ಕದಲ್ಲಿ ಕೆಂಪು ಪಟ್ಟಿ. ಅಕ್ಷರಗಳೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂತೆ. ನಾನು ಒಂದು ಕೋಲು ಹಿಡಿದು, "ಈ ಕೆಂಪು ಪಟ್ಟಿ ಐತಲ್ರಿ, ಬಸಿಗಾಲುವಿ ಬರೂದು ಇಲ್ಲೇ. ಪಟ್ಟಿಯೊಳಗ ಬರೂ ಬೆಳಿ ತಗೀಬೇಕಾಗ್ತದ್ರಿ" ಎಂದೆ. ಯಾರ ಹೆಸರನ್ನೂ ಎತ್ತಲಿಲ್ಲ. ಎಡ ಬಲ ಅನ್ನಲಿಲ್ಲ, ಮೂಡಣ ಪಡುವಣ ಅನ್ನಲಿಲ್ಲ. ಬೆಳೆ ತೆಗೆಯುವುದು ಬೇಸಿಗೆಯಲ್ಲಿ, ಹತ್ತಿ ಬಿಡಿಸಿಕೊಂಡ ಮೇಲೆ ಎಂಬ ಮಾತನ್ನಂತೂ ಮರೆತೇಬಿಟ್ಟೆ. ಯಂತ್ರ ಕೆಡದೆ ಕಾರ್ಯಕ್ರಮ ಮುಗಿಯಿತಲ್ಲ ಎಂಬ ಸಂತೋಷದಲ್ಲಿ ಪ್ರೊಜೆಕ್ಟರಿನ ಫ್ಯಾನು ನಿಲ್ಲುವವರೆಗೆ ಕಾದು, ಚೀಲ ತುಂಬಿಕೊಂಡು ರೋಣಕ್ಕೆ ಬಂದೆವು.

ಮೂರನೆಯ ದಿನ ಆ ಊರಿನ ಈರಪ್ಪ ಕಚೇರಿಗೆ ಬಂದ. ಹಳ್ಳದ ಮೂಡಣಕ್ಕೆ ಅವನ ಹೊಲ, ಕೆಂಪು ಪಟ್ಟಿ ಬಿದ್ದದ್ದು ಅದರ ಮೇಲೆಯೇ. ಜಗಳಕ್ಕೆ ಬಂದಿದ್ದಾನೆಂದುಕೊಂಡೆ. ಆದರೆ ಅವನ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು.

"ಮೇಡಮ್ಮಾರ, ಒಂದು ಖರೇ ಹೇಳ್ರಿ. ಕಾಲುವಿ ನಮ್ಮ ಹೊಲದಾಗ ಬರ್ತೈತ್ಯೋ ಇಲ್ಲೋ?"

"ಬರ್ತದಲ್ರಿ. ನೀವ ಕುಂತು ನೋಡೀರಲ್ಲ."

"ನಾ ನೋಡೇನ್ರಿ. ನಮ್ಮನ್ಯಾಗಿನಾಕಿ ಇಲ್ಲ ಅಂತಾಳ. ನಿನಗ ಕಣ್ಣು ಮಂಜಾಗ್ಯಾವು, ಅದು ಹಳ್ಳದ ಆ ಕಡೆ ಐತಿ, ನಾ ಕಣ್ಣಾರೆ ನೋಡೇನಿ ಅಂತಾಳ. ಎರಡು ದಿನ ಆತು, ಮನ್ಯಾಗ ಇದ ಮಾತು."

ಲ್ಯಾಪ್‌ಟಾಪು ತೆಗೆದು ತೋರಿಸಿದೆ. ಪಟ್ಟಿ ಅವನ ಹೊಲದ ಮೇಲೆಯೇ ಇತ್ತು. ಅವನು ಹೌದು ಹೌದು ಎಂದು ತಲೆಯಾಡಿಸಿದ. ಆದರೂ ಪೂರ್ತಿ ನಂಬಿದವನಂತೆ ಎದ್ದು ಹೋಗಲಿಲ್ಲ. ಸಾಹೇಬರಿಗೆ ಹೇಳಿದರೆ "ಹೆಣ್ಮಕ್ಕಳು ಚಿತ್ರಾ ನೋಡ್ಯಾರೋ, ಮಾತಾಡ್ಕೋತ ಕುಂತಿದ್ರೋ" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಎಂಟು ದಿನದ ಮೇಲೆ ಪಟ್ಟಿಯ ಗುರುತಿಗೆ ಗೂಟ ನೆಡುವ ಜಾಗ ನೋಡಲು ನಾನು ಮತ್ತು ರಾಜೇಸಾಬ ಹೋದೆವು. ಹಳ್ಳದ ಪಡುವಣ ದಂಡೆಯಲ್ಲಿ ಹೋಗುವಾಗ ರಾಜೇಸಾಬ ಜೀಪನ್ನು ನಿಧಾನ ಮಾಡಿದ.

"ಅಲ್ಲಿ ನೋಡ್ರಿ."

ಹಳ್ಳದಾಚೆಯ ಈರಪ್ಪನ ಹೊಲಕ್ಕೆ ನೇರ ಎದುರು, ಎದೆಮಟ್ಟ ಬೆಳೆದ ಹತ್ತಿಯ ಹೊಲ. ಅದರ ನಡುವೆ ಒಂದು ಬೋಳು ದಾರಿ, ಬೈತಲೆ ತೆಗೆದ ಹಾಗೆ. ಬದುವಿನ ಮೇಲೆ ಬುಡಸಹಿತ ಕಿತ್ತ ಗಿಡಗಳ ದೊಡ್ಡ ಬಣವೆ. ಇಳಿದು ಹೋಗಿ ನೋಡಿದೆ. ಎಲೆಗಳು ಬಾಡಿದ್ದವು, ಕಾಯಿಗಳು ಇನ್ನೂ ಹಸಿರಾಗಿದ್ದವು. ಒಂದೂ ಒಡೆದಿರಲಿಲ್ಲ.

ಹೊಲದಲ್ಲಿದ್ದ ಹೆಂಗಸು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಬಂದಳು. ನೀಲವ್ವ ಎಂದು ಹೆಸರು. ಗಂಡ ನರಗುಂದದ ಪ್ಯಾಟಿಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕೆ ಹೋಗುತ್ತಿದ್ದ, ಹೊಲವೆಲ್ಲ ಇವಳದೇ ಉಸ್ತುವಾರಿ.

"ಬರ್ರಿ ಮೇಡಮ್ಮಾರ. ನೀವು ಹೇಳಿದಂಗ ತಗದೇನ್ರಿ. ಹನ್ನೆರಡು ಸಾಲು. ಸಾಕಾಗ್ತೈತಿಲ್ರಿ?"

ಬೋಳು ದಾರಿಯ ಕಡೆ ಕೈ ಮಾಡಿದೆ. "ಯಾರು ಹೇಳಿದ್ರವಾ ನಿನಗ, ಇಲ್ಲಿ ತಗೀಬೇಕು ಅಂತ?"

"ನೀವ ತೋರ್ಸೀರಲ್ರಿ!"

"ಹೋಗಲಿ, ಕಾಯಿ ಒಡಿಯೂ ಮಟಾ ಆದ್ರೂ ಬಿಡಬಾರದಾಗಿತ್ತಾ?"

ಅವಳು ಬಣವೆಯ ಕಡೆ ನೋಡಲಿಲ್ಲ. "ಇದ್ರ ದಿನಾ ಕಣ್ಣಿಗೆ ಬೀಳ್ತಾವ್ರಿ. ಬೆಳ್ಳಗ ಒಡದು ನಿಂತ ಮ್ಯಾಲ ಕೀಳಾಕ ಕೈ ಬರೂದಿಲ್ಲ. ಅದಕ್ಕ ಹಸರ ಇದ್ದಾಗ ಕಿತ್ತಿನಿ."

ಅಲ್ಲೇ ಬದುವಿನ ಮೇಲೆ ಕುಳಿತು ಲ್ಯಾಪ್‌ಟಾಪು ತೆರೆದೆ. ಬಿಸಿಲಿಗೆ ಸರಿಯಾಗಿ ಕಾಣದೆ ರಾಜೇಸಾಬ ತನ್ನ ಟವೆಲ್ಲು ಹಿಡಿದು ನೆರಳು ಮಾಡಿದ. ನೀಲವ್ವ ಬಹಳ ಹೊತ್ತು ಬಗ್ಗಿ ನೋಡಿ ಮೆಲ್ಲನೆ ತಲೆಯಲ್ಲಾಡಿಸಿದಳು.

"ಇದಲ್ರಿ. ಅವತ್ತ ತೋರ್ಸಿದ್ದು ಬ್ಯಾರೆ."

"ಅದ ಇದು, ನೀಲವ್ವಾ."

"ಅಲ್ರಿ. ನಾ ಓದಿದಾಕಿ ಅಲ್ಲ ಖರೇ, ಆದ್ರ ನನ್ನ ಹೊಲ ನನಗ ಗೊತ್ತಿಲ್ಲೇನ್ರಿ? ನೀವು ಆಮ್ಯಾಲ ಬದಲಿ ಮಾಡೀರಿ."

ಅಷ್ಟರಲ್ಲಿ ಹಾದಿಯಲ್ಲಿದ್ದವರು ಕೂಡಿಕೊಂಡರು. ಗಂಡಸರೆಲ್ಲ ಪಟ್ಟಿ ಈರಪ್ಪನ ಹೊಲದಲ್ಲೇ ಇತ್ತು ಎಂದರು. ಹೆಂಗಸರೆಲ್ಲ ನೀಲವ್ವನ ಹೊಲದಲ್ಲಿತ್ತು ಎಂದರು. ಒಬ್ಬರಲ್ಲ ಇಬ್ಬರಲ್ಲ, ಎಲ್ಲ ಗಂಡಸರು, ಎಲ್ಲ ಹೆಂಗಸರು. ಈರಪ್ಪನ ಹೆಂಡತಿ ಗಂಗವ್ವ ಹನುಮಪ್ಪನ ಆಣೆ ಮಾಡಿದಳು. ಒಂದು ಊರಿನ ಜನ ಒಂದೇ ಸಂಜೆ ಒಂದೇ ಅಂಗಳದಲ್ಲಿ ನೋಡಿದ ಒಂದೇ ಚಿತ್ರ ಹೀಗೆ ಎರಡಾಗುವುದೆಂದರೆ ಹೇಗೆ? ಯಾರ ಕಣ್ಣಲ್ಲೂ ಸುಳ್ಳು ಕಾಣುತ್ತಿರಲಿಲ್ಲ.

ರೋಣಕ್ಕೆ ಬರುವ ದಾರಿಯಲ್ಲಿ ನನಗೆ ನನ್ನ ಮೇಲೆಯೇ ಅನುಮಾನ ಹತ್ತಿತು. ಅಸೂಟಿಯಲ್ಲಿ ಒತ್ತಿದ ಯಾವುದೋ ಗುಂಡಿ ಯಂತ್ರದೊಳಗೆ ಏನಾದರೂ ಮಾಡಿರಬಹುದೇ? ಹಳೆಯ ನಕ್ಷೆ ತೋರಿಸಿ ನಾನೇ ಮರೆತೆನೇ? ಕಚೇರಿಯಲ್ಲಿ ಕಡತದ ಕಾಗದದ ನಕ್ಷೆಗೆ ಲ್ಯಾಪ್‌ಟಾಪಿನದನ್ನು ಹಚ್ಚಿ ನೋಡಿದೆ. ಎರಡೂ ಒಂದೇ. ಮರುದಿನ ಮತ್ತೆ ನೋಡಿದೆ. ಆಗಲೂ ಒಂದೇ. ಹಾಗಾದರೆ ನೀಲವ್ವ ಕಂಡದ್ದೇನು? ಹಸಿರು ಕಾಯಿಗಳ ಬಣವೆ ಊಟಕ್ಕೆ ಕುಳಿತರೂ ಕಣ್ಣ ಮುಂದೆ ಬರುತ್ತಿತ್ತು.

ರಾಜೇಸಾಬನೇ ಒಂದು ದಾರಿ ಹೇಳಿದ. "ಮೈಕಿನ್ಯಾಗ ಎಲ್ಲೋ ಗೊರ್ ಅಂದ್ರ ನಾವು ಕುಂತು ವಿಚಾರ ಮಾಡ್ತಿದ್ದಿಲ್ರಿ. ಎಲ್ಲಾ ಬಿಚ್ಚಿ ಮತ್ತ ಮೊದಲಿನಂಗ ಕಟ್ಟತಿದ್ವಿ. ಕಟ್ಟೂ ಮುಂದ ಗೊತ್ತಾಗ್ತಿತ್ತು."

ಸಾಹೇಬರನ್ನು ಕೇಳದೆ ಮತ್ತೆ ಆ ಊರಿಗೆ ಹೋದೆವು. ಅದೇ ಬೇವಿನ ಗಿಡ, ಅದೇ ಧೋತರ, ಯಂತ್ರದ ಕೆಳಗೆ ಅದೇ ಇಟ್ಟಿಗೆ. ನೀಲವ್ವನನ್ನು ಕರೆಸಿದೆವು. ಈರಪ್ಪನೂ ಗಂಗವ್ವನೂ ತಾವಾಗಿಯೇ ಬಂದರು. ಹೊತ್ತು ಮುಳುಗಿದ ಮೇಲೆ ನಕ್ಷೆ ಹಾಕಿದೆ. ಪಟ್ಟಿ ಹಳ್ಳದ ಬಲಕ್ಕೆ, ಈರಪ್ಪನ ಹೊಲದ ಮೇಲೆ.

"ನೋಡು ನೀಲವ್ವಾ" ಎಂದೆ.

"ಇಲ್ಲಿಂದ ಅಲ್ರಿ ನಾ ನೋಡಿದ್ದು. ಅಲ್ಲೆ ಕುಂತಿದ್ನಿ" ಎಂದು ಅವಳು ಧೋತರದ ಹಿಂದೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ಯಾಕೆ ಹೋದೆನೋ, ನಾನೂ ಹಿಂದೆ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಅಷ್ಟೂ ದಿನ ನಾನು ಪರದೆಯ ಹಿಂದೆ ಹೋಗಿ ನೋಡಿದ್ದೇ ಇಲ್ಲ.

ಕೆಳಗೆ ಊರು. ನಡುವೆ ಹಳ್ಳ. ಹಳ್ಳದ ಎಡಕ್ಕೆ ಕೆಂಪು ಪಟ್ಟಿ.

ಅವಳು ಬೆರಳು ತೋರಿಸಿದಳು. "ಈಗ ಕಂಡ್ತಿಲ್ರಿ? ನಮ್ಮ ಹೊಲ."

ಕನ್ನಡಿಯಲ್ಲಿ ಕಂಡಂತೆ ಎಲ್ಲವೂ ಹೊರಳಿ ಕಾಣುತ್ತಿತ್ತು. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಯಂತ್ರದ್ದು ಏನೂ ತಪ್ಪಿರಲಿಲ್ಲ. ಇಂಗ್ಲಿಷ್ ಅಕ್ಷರಗಳು ಹೊರಳಿ ಬಿದ್ದಿವೆ ಎಂದು ಗುರುತಿಸುವವರು ಆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹೆಂಗಸರು ಸುಳ್ಳು ಹೇಳಿರಲಿಲ್ಲ, ಗಂಡಸರೂ ಹೇಳಿರಲಿಲ್ಲ. ತಪ್ಪು ನನ್ನದು, ತೋರಿಸಿದವಳದು.

ಅವಳಿಗೆ ಹೇಗೆ ತಿಳಿಸುವುದೆಂದು ತೋಚಲಿಲ್ಲ. ಕೈ ಹಿಡಿದು ಧೋತರದ ಮುಂದಕ್ಕೆ ಕರೆತಂದೆ, ತೋರಿಸಿದೆ. ಮತ್ತೆ ಹಿಂದಕ್ಕೆ ಕರೆದೊಯ್ದೆ. ಎರಡನೆಯ ಸಲ ಮುಂದೆ ಬಂದಾಗ ಅವಳು ತಾನೇ ನಿಂತುಬಿಟ್ಟಳು. ಧೋತರದ ಮೇಲಿನ ಹಳ್ಳದ ತಿರುವಿಗೆ ಬೆರಳಿಟ್ಟಳು.

"ಹಳ್ಳದ ತಿರುವು ತಪ್ಪೈತಿ ಅಂತ ಅವತ್ತ ನನಗ ಅನಿಸಿತ್ತ್ರಿ. ನಮ್ಮ ಹಳ್ಳ ಹಿಂಗ ತಿರಗೂದಿಲ್ಲಲಾ ಅಂತ. ಆಮ್ಯಾಲ ಅಂದ್ಕೊಂಡ್ನಿ, ಮ್ಯಾಲಿಂದ ನೋಡಿದ್ರ ಹಿಂಗ ಕಾಣತಿರಬೇಕು. ಮಷೀನು ಸುಳ್ಳು ಹೇಳತೈತೇನು ಅಂತ ಸುಮ್ನಾದ್ನಿ."

"ತಪ್ಪು ನಂದವಾ, ನೀಲವ್ವಾ" ಎಂದೆ.

"ಮೂರು ದಿನ ಸರಿಯಾಗಿ ಉಣ್ಣಲಿಲ್ರಿ ನಾ. ಕೊಡೂದೋ ಬ್ಯಾಡೋ ಅಂತ. ಊರಿಗೆ ಚಲೋ ಆಗೂದೈತಿ, ಕೊಟ್ಟುಬಿಡೂಣು ಅಂತ ಮನಸ್ಸು ಗಟ್ಟಿ ಮಾಡ್ಕೊಂಡ್ನಿ. ಈಗ ಬಂದು ನಿಂದಲ್ಲ ಅಂತೀರಿ." ಅವಳು ಅಳಲಿಲ್ಲ. ಸಿಟ್ಟಿನಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗಿಡಾ ಹೋಗ್ಲಿ. ಆ ಮೂರು ದಿನ ಹೊಳ್ಳಿ ಕೊಡ್ತೀರೇನ್ರಿ?"

ಅವಳು ಮನೆಯ ಕಡೆ ಹೊರಟುಹೋದಳು. ಗಂಗವ್ವ ಧೋತರದ ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಗಂಡನಿಗೆ ಏನೋ ಮೆಲ್ಲಗೆ ಹೇಳಿದಳು. ಈರಪ್ಪ ಯಾರ ಮುಖವನ್ನೂ ನೋಡದೆ ನಿಂತಿದ್ದ. ಅಲ್ಲಿಯವರೆಗೆ ಅವನು, ತನ್ನ ಹೊಲದಲ್ಲಿ ಒಂದು ಗೂಟವನ್ನೂ ನೆಡಲು ಬಿಡುವುದಿಲ್ಲ, ತಕರಾರು ಅರ್ಜಿ ಕೊಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು.

ಸಾಹೇಬರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ನನ್ನ ತಪ್ಪೆಂದೇ ಬರೆದೆ. ಅವರು ಓದಿ, ಕಾಗದ ಮಡಚಿ, "ಇನ್ನ ಮುಂದ ಗ್ವಾಡಿಗೇ ತೋರ್ಸ್ರಿ" ಎಂದರು. ನೀಲವ್ವನ ನಷ್ಟಕ್ಕೆ ಏನು ಮಾಡುವುದೆಂದು ಕೇಳಿದರೆ, ಕೀಳಿರಿ ಎಂದು ಕಚೇರಿ ಹೇಳಿಲ್ಲವಲ್ಲ ಎಂದರು. ಕಾಯಿದೆಯ ಪ್ರಕಾರ ಅದು ಸರಿಯೇ ಇರಬಹುದು.

ನಾಲ್ಕು ದಿನ ಬಿಟ್ಟು ನಾನು ಬಸ್ಸಿಗೆ ಹೋದೆ, ರಜೆ ಹಾಕಿ. ಹೋಗಿ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ನೀಲವ್ವನ ಹೊಲದ ಹತ್ತಿರ ಬರುವಾಗ ಎತ್ತಿನ ಗಂಟೆ ಕೇಳಿಸಿತು. ಬೋಳಾದ ಹನ್ನೆರಡು ಸಾಲಿನ ಜಾಗದಲ್ಲಿ ಈರಪ್ಪ ತನ್ನ ಎತ್ತು ಹೂಡಿ ಬಿತ್ತುವ ಕೂರಿಗೆ ಹೊಡೆಯುತ್ತಿದ್ದ. ಹಿಂದೆ ಗಂಗವ್ವ ಕಡಲೆಕಾಳು ಬಿಡುತ್ತಿದ್ದಳು. ಎರೆಯಲ್ಲಿ ಹಸಿ ಇನ್ನೂ ಆರಿರಲಿಲ್ಲ. ನೀಲವ್ವ ಬದುವಿನ ಮೇಲೆ ಕಾಳಿನ ಚೀಲ ಇಟ್ಟುಕೊಂಡು ಕುಳಿತಿದ್ದಳು.

ಈರಪ್ಪ ನನ್ನನ್ನು ಕಂಡರೂ ಎತ್ತು ನಿಲ್ಲಿಸಲಿಲ್ಲ. ಹಾಯ್ದು ಹೋಗುತ್ತ ಹೇಳಿದ, "ಗೂಟಾ ನೆಡಾಕ ಬರ್ರಿ ಮೇಡಮ್ಮಾರ. ತನ್ನದಲ್ಲದ್ದಕ್ಕ ಈಕಿ ಗಿಡಾ ಕಿತ್ತಾಳ. ನಂದ ಇದ್ದದ್ದಕ್ಕ ನಾ ಹ್ಯಾಂಗ ಒಲ್ಲೆ ಅನ್ನಲಿ?"

ನಾನು ನೀಲವ್ವನ ಹತ್ತಿರ ನಿಂತೆ. ಕುಳಿತುಕೊಳ್ಳಿ ಎಂದು ಅವಳು ಹೇಳಲಿಲ್ಲ. ಚೀಲದಿಂದ ಬೊಗಸೆ ಕಾಳು ತೆಗೆದು ನನ್ನ ಕಡೆ ಚಾಚಿದಳು.

"ಸುಮ್ನ ನಿಂದರಬ್ಯಾಡ್ರಿ. ಗಂಗವ್ವಗ ನಡಾ ನೋಯ್ತೈತಿ. ಒಂದು ಸಾಲು ನೀವು ಬಿಡ್ರಿ."

ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೂರಿಗೆಯ ಹಿಂದೆ ನಡೆದೆ. ಎತ್ತಿನ ನಡಿಗೆಗೆ ನನ್ನ ಕಾಲು ಸರಿಹೋಗಲಿಲ್ಲ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈ ನೋಡಿದರೆ ಮಣ್ಣಿನ ಹೆಂಟೆ ಎಡವುತ್ತಿದ್ದೆ, ಕಾಲು ನೋಡಿದರೆ ಕೈ ನಿಲ್ಲುತ್ತಿತ್ತು. ಒಂದು ಕಡೆ ಹತ್ತು ಕಾಳು, ಒಂದು ಕಡೆ ಒಂದೂ ಇಲ್ಲ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಸಾಲಿನ ತುದಿಗೆ ಬಂದಾಗ ನನ್ನ ಅಂಗೈ ಬೆವರಿ ಕಾಳು ಅಂಟಿಕೊಂಡಿತ್ತು.

ಬಸಿಗಾಲುವೆಯನ್ನು ಆ ಬೇಸಿಗೆಯಲ್ಲಿ ತೋಡಿದರು, ಈರಪ್ಪನ ಹೊಲದಲ್ಲಿ, ಅವನ ಹತ್ತಿ ಬಿಡಿಸಿ ಮುಗಿದ ಮೇಲೆ. ಅದಕ್ಕೂ ಮೊದಲು, ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೂಟಗಳನ್ನು ನೋಡಲು ಹೋದಾಗ ನೀಲವ್ವ ದೂರದಿಂದಲೇ ಕೈ ಮಾಡಿ ಕರೆದಳು. ಒಡೆದ ಹತ್ತಿಯ ನಡುವೆ ಆ ಪಟ್ಟಿ ಹಸಿರಾಗಿತ್ತು. ಕಡಲೆ ಗಿಡಗಳು ಕಾಯಿ ಹಿಡಿದಿದ್ದವು. ಎಲ್ಲ ಸಾಲುಗಳೂ ಬಿಗಿದ ದಾರದಂತೆ ನೆಟ್ಟಗಿದ್ದವು, ಒಂದರ ಹೊರತು. ಅದು ಒಂದು ಕಡೆ ಪೊದೆಯಂತೆ ಒತ್ತಾಗಿ, ಮಾರುದೂರ ಖಾಲಿ ಬಿದ್ದು, ಮತ್ತೆ ಒತ್ತಾಗಿತ್ತು.

"ಊರಾಗ ಎಲ್ಲಾರೂ ಕೇಳ್ತಾರ್ರಿ, ಇದನ್ನ ಬಿತ್ತಿದವರು ಯಾರಂತ" ಎಂದಳು ನೀಲವ್ವ.

"ಏನಂತ ಹೇಳ್ತಿ?"

"ಮೇಡಮ್ಮಾರ ಸಾಲು ಅಂತೇನಿ."

ಆಮೇಲೆ ಅವಳು ಬಗ್ಗಿ, ಆ ಸಾಲಿನಲ್ಲೇ ಒತ್ತಾಗಿದ್ದ ಕಡೆಯಿಂದ ಕಾಯಿ ತುಂಬಿದ ನಾಲ್ಕು ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ ನನ್ನ ಕೈಯಲ್ಲಿಟ್ಟಳು.